ತವರಿನವರ ದಾರಿ

ಶಿವರಾತ್ರಿ ಮುಗಿಯಿತೆಂದರೆ ಬನಹಟ್ಟಿಯ ನಮ್ಮ ಓಣಿಯ ಗುಡಿಕಟ್ಟೆಯಲ್ಲಿ ಹೆಸರು ಬರೆಸುವವರ ಗದ್ದಲ. ಯುಗಾದಿಗೆ ಶ್ರೀಶೈಲಕ್ಕೆ ನಡೆಯುವವರು ಯಾರು, ಸಾಮಾನಿನ ಟ್ರ್ಯಾಕ್ಟರಿನ ಜೊತೆ ಬರುವವರು ಯಾರು, ರೊಟ್ಟಿ ಬಡಿದುಕೊಟ್ಟು ಮನೆಯಲ್ಲೇ ಉಳಿಯುವವರು ಯಾರು ಎಂದು ಪಟ್ಟಿ ಆಗಬೇಕು. ಕನ್ನಡ ಸಾಲೆಯಲ್ಲಿ ಚರಿತ್ರೆ ಕಲಿಸಿ ನಿವೃತ್ತಳಾದ ನನಗೆ ಹೊಸಬರನ್ನು ಅಣಿಗೊಳಿಸುವ ಕೆಲಸ. “ಅಕ್ಕೋರೇ, ಏನೇನು ಕಟ್ಟಿಕೋಬೇಕ್ರಿ?” ಎಂದು ಕೇಳುತ್ತಾರೆ. ಗಂಟಿನ ಒಂದೊಂದು ಸಾಮಾನಿನ ಹಿಂದೆಯೂ ಹಳೆಯ ಕತೆಯಿದೆ. ಹೇಳದೆ ಬಿಡುವವಳು ನಾನಲ್ಲ.

ಮೊದಲು ಉಡಿ. ನಮ್ಮ ಕಡೆಯವರಿಗೆ ಶ್ರೀಶೈಲದ ದೇವಿ ಭ್ರಮರಾಂಬೆ ಮನೆಮಗಳು, ಅವಳ ಗಂಡ ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳ ಮನೆಗೆ ಬರಿಗೈಲಿ ಹೋಗುತ್ತೇವೆಯೇ? ಸೀರೆ, ಕುಬಸದ ಕಣ, ಅಕ್ಕಿ, ಉತ್ತತ್ತಿ, ಅರಿಷಿಣ ಕೊಂಬು, ಕೊಬ್ಬರಿ ಬಟ್ಟಲು, ಬೆಲ್ಲ ಎಲ್ಲವೂ ಒಂದೇ ವಸ್ತ್ರದಲ್ಲಿ. ನಮ್ಮ ಅತ್ತೆ ಮಗ್ಗದಿಂದಿಳಿದ ಸೀರೆಗಳಲ್ಲಿ ಅಂಚು ಚೆನ್ನಾಗಿ ಕೂತದ್ದೊಂದನ್ನು ಭ್ರಮರಾಂಬೆಗೆಂದು ತೆಗೆದಿಟ್ಟುಬಿಡುತ್ತಿದ್ದರು; ಮನೆಯಲ್ಲಿ ಎಷ್ಟೇ ಅಡಚಣೆ ಇದ್ದರೂ ಅದನ್ನು ಮಾರುವಂತಿರಲಿಲ್ಲ. ಗುಡಿ ಇರುವುದು ತೆಲುಗು ನಾಡಿನಲ್ಲಾದರೂ ಯುಗಾದಿಯ ಐದು ದಿನ ಅಲ್ಲಿ ಬೀದಿ ತುಂಬ ಕನ್ನಡ ಕೇಳುವುದು ಈ ಬೀಗತನದಿಂದ.

ಎರಡನೆಯದು ರೊಟ್ಟಿ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಬದಿಗೆ ಒರಗಿಸಿ ಕಟಕಟ ಮುರಿಯುವ ತನಕ ಒಣಗಿಸಬೇಕು. ಒಂದಿಷ್ಟು ಹಸಿ ಉಳಿದರೂ ಬೂಸಲು ಬಂದು ಇಡೀ ಅಟ್ಟಿ ಕೆಡುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಬೇರೆ ಬೇರೆ ಡಬ್ಬಿಯಲ್ಲಿ. ಈಗ ಹುನಗುಂದ, ಲಿಂಗಸುಗೂರು, ರಾಯಚೂರಿನ ದಾರಿಯುದ್ದಕ್ಕೂ ದಾಸೋಹದ ಪೆಂಡಾಲುಗಳಿವೆ. ಮಜ್ಜಿಗೆ ಕೊಟ್ಟು, ಬಿಸಿನೀರಲ್ಲಿ ಕಾಲು ತೊಳೆದು, ಎಣ್ಣೆ ತಿಕ್ಕಿ ಕಳಿಸುತ್ತಾರೆ. “ಮತ್ತೆ ರೊಟ್ಟಿ ಯಾಕ್ರಿ?” ಎನ್ನುವ ಹುಡುಗರಿಗೆ ನಾನು ಕಾಡಿನ ದಾರಿ ತೋರಿಸುತ್ತೇನೆ.

ಕರ್ನೂಲಿನಲ್ಲಿ ತುಂಗಭದ್ರೆ ದಾಟಿ ಆತ್ಮಕೂರು ಹಾದು ವೆಂಕಟಾಪುರಕ್ಕೆ ಬಂದರೆ ನಲ್ಲಮಲ ಕಾಡು ಶುರು. ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನು, ಕೈಲಾಸದ್ವಾರ: ಹಳೆಯ ಕಾಲುದಾರಿ ಇದು. ಹದಿನಾಲ್ಕನೇ ಶತಮಾನದಲ್ಲಿ ರೆಡ್ಡಿ ದೊರೆ ಪ್ರೋಲಯ ವೇಮ ಶ್ರೀಶೈಲದ ಬೆಟ್ಟಕ್ಕೆ ಮೆಟ್ಟಿಲು ಹಾಕಿಸಿದ. ವಿಜಯನಗರದ ಎರಡನೇ ಹರಿಹರನ ರಾಣಿ ವಿಠಲಾಂಬೆ ಪಾತಾಳಗಂಗೆಗೆ ಇಳಿಯುವ ಮೆಟ್ಟಿಲು ಕಟ್ಟಿಸಿದಳು. ಅದೇ ಹರಿಹರ ಮಲ್ಲಯ್ಯನ ಗುಡಿಗೆ ಮುಖಮಂಟಪ ಮಾಡಿಸಿದ. ಕೊಂಡವೀಡು ಗೆದ್ದು ಬಂದ ಕೃಷ್ಣದೇವರಾಯ ರಥಬೀದಿಯ ಎರಡೂ ಬದಿ ಮಂಟಪಗಳ ಸಾಲು ನಿಲ್ಲಿಸಿದ. ಈ ಕಟ್ಟೋಣದಿಂದ ನಡೆದು ಬರುವವರಿಗೆ ಅನುಕೂಲವಾಯಿತು: ಏರಲು ಮೆಟ್ಟಿಲು, ಮೀಯಲು ಘಟ್ಟ, ಮಲಗಲು ಮಂಟಪ. ಕಾಡಿನ ದಾರಿಯಲ್ಲಿ ಹೊಟ್ಟೆಗೆ ಮಾತ್ರ ಅವರವರ ಗಂಟೇ ಆಸರೆ.

ಜಾತ್ರೆಗೆ ಸುಂಕವೂ ಇತ್ತು. ಈಸ್ಟ್ ಇಂಡಿಯಾ ಕಂಪನಿಯ ಕಾಲಿನ್ ಮೆಕೆಂಜಿ 1794ರಲ್ಲಿ ಶ್ರೀಶೈಲಕ್ಕೆ ಬಂದಾಗ ಜಾತ್ರೆಯ ಹುಟ್ಟುವಳಿ ಕರ್ನೂಲಿನ ನವಾಬನಿಗೆ ಸಲ್ಲುತ್ತಿತ್ತು. ಇಂದು ಆ ನಲ್ಲಮಲ ಕಾಡು ಹುಲಿಗಳ ರಕ್ಷಿತ ಅರಣ್ಯ. ಶಿವರಾತ್ರಿ, ಯುಗಾದಿಯ ಹೊತ್ತಿಗೆ ಅರಣ್ಯ ಇಲಾಖೆ ನಡೆಯುವವರಿಗೆ ದಾರಿ ಬಿಡುತ್ತದೆ. ಪ್ಲಾಸ್ಟಿಕ್ ಎಸೆಯಬಾರದು, ಬೆಂಕಿ ಹಚ್ಚಬಾರದು. ಒಲೆ ಹೂಡುವಂತಿಲ್ಲ ಎಂದ ಮೇಲೆ ಒಣರೊಟ್ಟಿಗೆ ಮತ್ತೆ ಬೆಲೆ ಬಂತು.

ಮೂರನೆಯದು ಕಾಲು. ಹೊಸ ಚಪ್ಪಲಿ ಬೇಡವೇ ಬೇಡ. ಹೋಳಿ ಹಬ್ಬಕ್ಕೆ ಮೊದಲೇ ಬೆಳಗಿನ ಜಾವ ಎದ್ದು ಜಮಖಂಡಿ ರಸ್ತೆಯಲ್ಲಿ ನಡೆದು ರೂಢಿ ಮಾಡಿಕೊಳ್ಳಿ. ಬಿಸಿಲೇರುವ ಮೊದಲು ದಿನದ ಮುಕ್ಕಾಲು ದಾರಿ ಮುಗಿಯಬೇಕು, ನಡುಹಗಲು ಮರದ ನೆರಳು. ಬೊಬ್ಬೆ ಎದ್ದರೆ ಚರ್ಮ ಕೀಳಬೇಡಿ. ಮರಗಾಲು ಕಟ್ಟಿ ನಡೆಯುವ ಹರಕೆಯವರನ್ನು ಕಂಡು ಹುರುಪಿಗೆ ಬೀಳುವ ಪೋರರಿಗೆ ನನ್ನದು ಒಂದೇ ಮಾತು: ವರ್ಷಗಟ್ಟಲೆ ಪಳಗಿದವರ ಕೆಲಸ ಅದು, ತಮ್ಮಾ. ಹೆಗಲ ಮೇಲೆ ಹೊತ್ತ ಮಲ್ಲಯ್ಯನ ಕಂಬಿ ಮುಂದೆ ಹೋಗುತ್ತದೆ, ನೀವು ಅದರ ಹಿಂದೆ ಇರಿ. ಸೋತವರನ್ನು ಬಿಟ್ಟು ಮುಂದೆ ಓಡಬೇಡಿ.

ಶ್ರೀಶೈಲ ಮುಟ್ಟುವುದಕ್ಕಷ್ಟೇ ತಯಾರಿ ಎಂದು ಬಹಳ ಜನ ತಿಳಿದಿದ್ದಾರೆ. ಸೋತು ಸುಣ್ಣವಾಗಿ ಬಂದವರು ಉತ್ಸವದ ಹೊತ್ತಿಗೆ ಛತ್ರದಲ್ಲಿ ಗೊರಕೆ ಹೊಡೆಯುತ್ತಿರುತ್ತಾರೆ. ಅದಕ್ಕೇ ನಮ್ಮ ತಂಡ ಒಂದು ದಿನ ಮೊದಲೇ ಮುಟ್ಟಿ, ಮಲಗಿ ಎದ್ದು, ಪಾತಾಳಗಂಗೆಯಲ್ಲಿ ಮಿಂದು, ಉಡಿ ಒಪ್ಪಿಸುತ್ತದೆ. ಶ್ರೀಶೈಲದಲ್ಲಿ ಲಿಂಗವನ್ನು ಕೈಯಾರೆ ಮುಟ್ಟಿ ನಮಸ್ಕರಿಸುವ ಪದ್ಧತಿಯಿದೆ. ಜನದಟ್ಟಣೆ ಹೆಚ್ಚಿದರೆ ಅದು ನಿಲ್ಲುತ್ತದೆ, ಆಗ ಜಗಳಾಡಬೇಡಿ. ಗುಡಿಯ ಪ್ರಾಕಾರದ ಹೊರಮೈಯಲ್ಲಿ ಆನೆ, ಕುದುರೆ, ಬೇಟೆ, ಪುರಾಣಕತೆಗಳ ಕೆತ್ತನೆಯ ಸಾಲಿದೆ, ಮಕ್ಕಳನ್ನು ಅಲ್ಲಿ ಸುತ್ತಾಡಿಸಿ. ರಾತ್ರಿ ವಾಹನ ಸೇವೆ, ಕೆಂಡದ ಕೊಂಡ. ಯುಗಾದಿಯ ಸಂಜೆ ತೇರು.

ತೇರು ಎಳೆದಾದ ಮೇಲೆ ಊರಿಗೆ ಬಸ್ಸು. ನಡೆದು ಹೋಗಿ ಬಸ್ಸಿನಲ್ಲಿ ಮರಳುವುದನ್ನು ಯಾರೂ ಕೊರತೆ ಎನ್ನುವುದಿಲ್ಲ. ಮಗಳನ್ನು ನೋಡಿ ಬಂದವರಿಗೆ ಮಾರನೆಯ ದಿನ ಮಗ್ಗದ ಕೆಲಸ ಇರುತ್ತದಲ್ಲ.