ತೈಲ, ಕಿರೀಟ, ಪ್ರತಿಮೆ: ಯೂರೋಪಿನ ರಾಜವಿಧಿಗಳ ಅಧ್ಯಯನ ನಡೆದುಬಂದ ದಾರಿ

ಯೂರೋಪಿನ ಅರಸುಮನೆತನಗಳ ಚರಿತ್ರೆಯನ್ನು ಬರೆದವರು ಬಹುಕಾಲ ಯುದ್ಧ, ಒಪ್ಪಂದ, ವಿವಾಹ, ಉತ್ತರಾಧಿಕಾರಗಳನ್ನೇ ಚರಿತ್ರೆಯ ಸಾರವೆಂದು ಬಗೆದು, ಅಭಿಷೇಕದ ತೈಲ, ಶವಯಾತ್ರೆಯ ಪ್ರತಿಮೆ, ರೋಗಿಯ ಕೊರಳನ್ನು ಸವರುವ ರಾಜಹಸ್ತ ಮೊದಲಾದುವನ್ನು ಅಡಿಟಿಪ್ಪಣಿಗಳಿಗೆ ತಳ್ಳಿದ್ದರು. ಜನಕ್ಕೆ ಆ ವಿಧಿಗಳಲ್ಲಿ ಶ್ರದ್ಧೆಯಿದ್ದಷ್ಟು ಕಾಲ ಅವನ್ನು ವಿಚಾರಿಸುವ ಅಗತ್ಯ ಬಹುಮಂದಿಗೆ ತೋರಲಿಲ್ಲ. ಶ್ರದ್ಧೆ ಸಡಿಲಿದ ಹದಿನೆಂಟನೆಯ ಶತಮಾನದಲ್ಲಿ ಅವು ಪರಿಹಾಸಕ್ಕೆ ವಸ್ತುವಾದುವು. ಸಿಂಹಾಸನಗಳೇ ಉರುಳಿಬಿದ್ದ ಇಪ್ಪತ್ತನೆಯ ಶತಮಾನದಲ್ಲಿಯೇ ಅವು ಗಂಭೀರವಾದ ಶಾಸ್ತ್ರವಿಚಾರಕ್ಕೆ ವಿಷಯವಾದುದು.

ವಿಚಾರಕ್ಕೆ ಬೇಕಾದ ಮೂಲಸಾಮಗ್ರಿ ಅಲ್ಪವಾಗಿರಲಿಲ್ಲ. 672ರಲ್ಲಿ ಟೊಲೆಡೋ ನಗರದಲ್ಲಿ ವಿಸಿಗೋಥರ ದೊರೆ ವಾಂಬನಿಗೆ ನಡೆದ ತೈಲಾಭಿಷೇಕದ ವೃತ್ತಾಂತ ಸಮಕಾಲೀನನೊಬ್ಬನ ಬರಹದಲ್ಲಿ ಉಳಿದಿದೆ. 751ರಲ್ಲಿ ಫ್ರಾಂಕರ ಪಿಪಿನನು ಮೆರೋವಿಂಗಿಯನ್ ವಂಶದ ಕಡೆಯ ಅರಸನನ್ನು ಮಠಕ್ಕೆ ಕಳುಹಿಸಿ ತಾನು ಪಟ್ಟವೇರಿದಾಗ, ರಕ್ತಸಂಬಂಧದಿಂದ ತನಗೆ ದೊರೆಯದಿದ್ದ ಹಕ್ಕನ್ನು ಬಿಷಪ್ಪರ ಕೈಯ ತೈಲದಿಂದ ಪಡೆದುಕೊಂಡನು. 869ರಲ್ಲಿ ರೀಮ್ಸಿನ ಆರ್ಚ್‌ಬಿಷಪ್ ಹಿಂಕ್ಮಾರನು ಒಂದು ಹೆಜ್ಜೆ ಮುಂದೆ ಹೋಗಿ, ಕ್ಲೋವಿಸನ ದೀಕ್ಷಾಸ್ನಾನಕ್ಕಾಗಿ ಸ್ವರ್ಗದಿಂದಲೇ ಇಳಿದ ತೈಲ ತನ್ನ ಇಗರ್ಜಿಯಲ್ಲಿದೆಯೆಂದು ಸಾರಿದನು. ಪಾರಿವಾಳ ತಂದಿತೆಂದು ಪ್ರಸಿದ್ಧವಾದ ಆ ತೈಲದ ಕುಪ್ಪಿಯನ್ನು 1793ರಲ್ಲಿ ಕ್ರಾಂತಿಕಾರರು ರೀಮ್ಸಿನ ಚೌಕದಲ್ಲಿ ಬಹಿರಂಗವಾಗಿ ಒಡೆದುಹಾಕಿದರು. ಕಲ್ಪಿತಕಥೆಯೆಂದು ನಿಜವಾಗಿ ನಂಬಿದವರು ಅದನ್ನು ಸುತ್ತಿಗೆಯಿಂದ ಒಡೆಯುವ ಶ್ರಮವನ್ನೇಕೆ ತೆಗೆದುಕೊಂಡರೆಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಅದರ ಚೂರುಗಳನ್ನು ಕಾಪಾಡಿಟ್ಟವರೂ ಇದ್ದರು, ಆ ಶೇಷದಿಂದಲೇ 1825ರಲ್ಲಿ ಹತ್ತನೆಯ ಚಾರ್ಲ್ಸನಿಗೆ ಅಭಿಷೇಕವಾಯಿತು.

ಈ ಬಗೆಯ ಪ್ರಶ್ನೆಯನ್ನು ಕ್ರಮಬದ್ಧವಾಗಿ ಎತ್ತಿದವನು ಸ್ಟ್ರಾಸ್‌ಬೂರ್ಗಿನಲ್ಲಿ ಅಧ್ಯಾಪಕನಾಗಿದ್ದ ಮಾರ್ಕ್ ಬ್ಲೋಕ್. 1924ರಲ್ಲಿ ಪ್ರಕಟವಾದ ಅವನ ಮಹಾಗ್ರಂಥದ ವಸ್ತು, ಫ್ರಾನ್ಸ್ ಮತ್ತು ಇಂಗ್ಲೆಂಡುಗಳ ರಾಜರು ಕೈಸೋಕಿಸಿದ ಮಾತ್ರಕ್ಕೆ ಗಂಡಮಾಲೆಯ ರೋಗ ವಾಸಿಯಾಗುವುದೆಂಬ ನಂಬಿಕೆ. ಇಂಗ್ಲೆಂಡಿನಲ್ಲಿ ಆ ವಿಧಿ ನಡೆಯುತ್ತಿದ್ದ ಕ್ರಮವಿದು: ರೋಗಿಗಳ ಮೇಲೆ ಕೈಯಿಟ್ಟರೆ ಅವರು ಗುಣಹೊಂದುವರೆಂಬ ಸುವಾರ್ತೆಯ ವಾಕ್ಯವನ್ನು ಪಾದ್ರಿಯು ಓದುತ್ತಿರಲು, ಮಂಡಿಯೂರಿದವರ ಊದಿದ ಕೊರಳನ್ನು ಅರಸನು ಎರಡು ಕೈಗಳಿಂದಲೂ ಸವರುವನು, ಅವರು ಎರಡನೆಯ ಬಾರಿ ಬಂದಾಗ ಬಿಳಿಯ ಪಟ್ಟಿಯಲ್ಲಿ ಪೋಣಿಸಿದ ಚಿನ್ನದ ನಾಣ್ಯವನ್ನು ಕೊರಳಿಗೆ ಹಾಕುವನು. ಎರಡನೆಯ ಚಾರ್ಲ್ಸನ ಆಳ್ವಿಕೆಯಲ್ಲಿ ಹೀಗೆ ಮುಟ್ಟಿಸಿಕೊಂಡವರು 90,000ಕ್ಕೂ ಮಿಕ್ಕಿದ್ದರೆಂದು ಲೆಕ್ಕವಿದೆ. ಮುಂದೆ ನಿಘಂಟುಕಾರನಾಗಿ ಹೆಸರಾದ ಸ್ಯಾಮ್ಯುಎಲ್ ಜಾನ್ಸನನನ್ನು 1712ರಲ್ಲಿ, ಇನ್ನೂ ಎಳೆಗೂಸಾಗಿದ್ದಾಗ, ರಾಣಿ ಆನಳ ಬಳಿಗೆ ಕರೆದೊಯ್ದಿದ್ದರು. ರೋಗ ಗುಣವಾಗಲಿಲ್ಲ, ಆದರೂ ಆ ನಾಣ್ಯವನ್ನು ಅವನು ಕಡೆಯವರೆಗೂ ಧರಿಸಿದ್ದನೆಂದು ಹೇಳುತ್ತಾರೆ.

ಬ್ಲೋಕನು ರೋಗ ವಾಸಿಯಾಗುತ್ತಿತ್ತೇ ಎಂಬಲ್ಲಿಗೆ ನಿಲ್ಲಲಿಲ್ಲ. ಗಂಡಮಾಲೆ ತಾನಾಗಿಯೇ ತಗ್ಗಿ ಮತ್ತೆ ಮರುಕಳಿಸತಕ್ಕ ವ್ಯಾಧಿಯೆಂಬುದನ್ನು ತಿಳಿದಿದ್ದ ಅವನು, ಇಷ್ಟೊಂದು ಜನ ಇಷ್ಟೊಂದು ಶತಮಾನ ಪವಾಡವನ್ನು ನಿರೀಕ್ಷಿಸಲು ಯಾವ ಮನೋಧರ್ಮ ಕಾರಣವೆಂದು ಕೇಳಿದನು. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಸೈನಿಕನಾಗಿದ್ದು, ಗಾಳಿಮಾತುಗಳು ಹುಟ್ಟಿ ಬಲಿಯುವುದನ್ನು ಕಣ್ಣಾರೆ ಕಂಡು 1921ರಲ್ಲಿ ಅದರ ಮೇಲೆಯೇ ಪ್ರಬಂಧ ಬರೆದಿದ್ದವನಿಗೆ ಈ ಪ್ರಶ್ನೆ ಹೊಳೆದುದು ಸಹಜವೇ. ಈ ಕ್ಷೇತ್ರದ ಕೃತಿಗಳಲ್ಲಿ ಒಂದನ್ನೇ ಓದಬೇಕೆನ್ನುವವರಿಗೆ ನಾನು ಸೂಚಿಸುವುದು ಇದನ್ನೇ.

ಅನಂತರದ ಹೆಸರು ಅರ್ನ್ಸ್ಟ್ ಕಾಂಟೊರೋವಿಚ್. ಆರನೆಯ ಎಡ್ವರ್ಡನು ಅಪ್ರಾಪ್ತವಯಸ್ಕನಾಗಿದ್ದಾಗ ಕೊಟ್ಟ ಭೂಮಿಯ ಗುತ್ತಿಗೆ ಸಿಂಧುವೇ ಎಂಬ ಶುಷ್ಕವಾದ ವ್ಯಾಜ್ಯದಲ್ಲಿ, ಎಲಿಜಬೆತ್ ರಾಣಿಯ ಕಾಲದ ವಕೀಲರು, ಅರಸನಿಗೆ ಎರಡು ದೇಹಗಳುಂಟು, ಒಂದು ಬಾಲ್ಯ ವಾರ್ಧಕ್ಯ ಮರಣಗಳಿಗೆ ವಶವಾದುದು, ಇನ್ನೊಂದು ಅವಾವುದಕ್ಕೂ ವಶವಾಗದುದು ಎಂದು ತೀರ್ಮಾನಿಸಿದ್ದರು. ಆ ವಾದದ ಬೇರುಗಳನ್ನು ಮಧ್ಯಯುಗದ ದೇವತಾಶಾಸ್ತ್ರದಲ್ಲಿ ಅರಸಿದ ಅವನ ಗ್ರಂಥ 1957ರಲ್ಲಿ ಹೊರಬಂದಿತು. ಅಡಿಟಿಪ್ಪಣಿಗಳ ಭಾರದಿಂದ ದುರ್ಗಮವಾದರೂ ತಿರುತಿರುಗಿ ಓದತಕ್ಕುದು. 1547ರಲ್ಲಿ ಫ್ರಾನ್ಸಿನ ಮೊದಲನೆಯ ಫ್ರಾನ್ಸಿಸನು ತೀರಿಕೊಂಡಾಗ ನಡೆದುದನ್ನು ಈ ತತ್ತ್ವದ ಬೆಳಕಿನಲ್ಲಿ ನೋಡಬೇಕು. ಮೇಣದ ಮುಖವುಳ್ಳ ಅವನ ಪ್ರತಿಮೆಯನ್ನು ಕಿರೀಟಸಮೇತ ಮಂಚದ ಮೇಲಿರಿಸಿ, ಹೊತ್ತುಹೊತ್ತಿಗೆ ಮೇಜು ಹಾಸಿ, ಕೈತೊಳೆಯಲು ನೀರು ನೀಡಿ, ಭಕ್ಷ್ಯಗಳನ್ನೂ ಮದ್ಯವನ್ನೂ ಬಡಿಸಿ, ಬಳಿಕ ಆ ಅನ್ನವನ್ನು ಬಡವರಿಗೆ ಹಂಚಿದರು. ಹೀಗೆ ಪ್ರತಿಮೆಯೇ ಅರಸನಾಗಿದ್ದ ದಿನಗಳಲ್ಲಿ ಹೊಸ ದೊರೆಯು ಬಹಿರಂಗವಾಗಿ ಕಾಣಿಸಿಕೊಳ್ಳುವಂತಿರಲಿಲ್ಲ. ಕಾಂಟೊರೋವಿಚನ ಶಿಷ್ಯ ರಾಲ್ಫ್ ಗೀಸಿ 1960ರಲ್ಲಿ ಈ ಶವವಿಧಿಯನ್ನೇ ಪ್ರತ್ಯೇಕ ಗ್ರಂಥವಾಗಿ ವಿಸ್ತರಿಸಿದನು.

ಕಿರೀಟ ರಾಜದಂಡಗಳನ್ನೇ ಚಾರಿತ್ರಿಕ ಸಾಕ್ಷ್ಯವೆಂದು ಪರಿಗಣಿಸಿ, 1937ರಲ್ಲಿ ಇಂಗ್ಲಿಷ್ ಪಟ್ಟಾಭಿಷೇಕದ ಇತಿಹಾಸವನ್ನು ಬರೆದ ಪೆರ್ಸಿ ಎರ್ನ್ಸ್ಟ್ ಶ್ರಾಮ್ ಕೂಡ ಇದೇ ತಲೆಮಾರಿನವನು. ಈ ಮೂವರ ಗತಿಯನ್ನು ನೆನೆದರೆ ಮನಸ್ಸು ಕಲಕುತ್ತದೆ. ಬ್ಲೋಕನನ್ನು ಪ್ರತಿರೋಧದ ಹೋರಾಟಗಾರನೆಂದು 1944ರಲ್ಲಿ ಜರ್ಮನರು ಗುಂಡಿಕ್ಕಿ ಕೊಂದರು. ಯೆಹೂದ್ಯನಾದ ಕಾಂಟೊರೋವಿಚ್ 1938ರಲ್ಲಿ ಜರ್ಮನಿಯನ್ನು ತೊರೆದನು, ಅಮೆರಿಕದಲ್ಲಿಯೂ ನಿಷ್ಠಾಪ್ರಮಾಣಕ್ಕೆ ಸಹಿಹಾಕಲೊಪ್ಪದೆ ಬರ್ಕ್ಲಿಯ ಹುದ್ದೆಯನ್ನು ಕಳೆದುಕೊಂಡನು. ಶ್ರಾಮನು ಜರ್ಮನ್ ಸೇನೆಯ ಮಹಾಕಾರ್ಯಾಲಯದಲ್ಲಿ ಯುದ್ಧದ ದಿನಚರಿಯನ್ನು ಬರೆಯುವವನಾಗಿದ್ದನು.

ವೆರ್ಸೇಯ ಅರಮನೆಯಲ್ಲಿ ಅರಸನಿಗೆ ಮುಂಜಾನೆ ಅಂಗಿಯನ್ನು ನೀಡುವ ಹಕ್ಕು ಯಾರದೆಂಬುದರಲ್ಲಿಯೂ ಅಧಿಕಾರದ ಹಂಚಿಕೆ ಅಡಗಿತ್ತೆಂದು ತೋರಿಸಿದ ನಾರ್ಬರ್ಟ್ ಎಲಿಯಾಸನ ಪ್ರಬಂಧ 1933ರಲ್ಲಿ ಸಿದ್ಧವಾಗಿದ್ದರೂ 1969ರವರೆಗೆ ಅಚ್ಚಾಗಲಿಲ್ಲ.

1983ರಲ್ಲಿ ಡೇವಿಡ್ ಕ್ಯಾನಡೈನ್ ಗಾಳಿಯನ್ನು ಬೇರೊಂದು ದಿಕ್ಕಿಗೆ ತಿರುಗಿಸಿದನು. ಬ್ರಿಟಿಷ್ ರಾಜವೈಭವವೆಂದು ನಾವು ಕಾಣುವುದರಲ್ಲಿ ಬಹುಭಾಗ 1870ರ ದಶಕದ ಈಚೆಗೆ, ಅರಸರ ನಿಜವಾದ ಅಧಿಕಾರ ಕ್ಷಯಿಸಿದಂತೆಲ್ಲ ರೂಪುಗೊಂಡುದೆಂಬುದು ಅವನ ವಾದ. 1838ರ ವಿಕ್ಟೋರಿಯಾ ಪಟ್ಟಾಭಿಷೇಕದಲ್ಲಿ ಆರ್ಚ್‌ಬಿಷಪ್ಪನು ಉಂಗುರವನ್ನು ತಪ್ಪು ಬೆರಳಿಗೆ ಒತ್ತಿ ತೊಡಿಸಿದುದನ್ನೂ ವಂದಿಸಲು ಬಂದ ಮುದುಕ ಪ್ರಭುವೊಬ್ಬನು ಮೆಟ್ಟಿಲ ಮೇಲಿಂದ ಉರುಳಿದುದನ್ನೂ ಓದಿದವರಿಗೆ ಈ ವಾದ ಬಲವಾಗಿಯೇ ತೋರುತ್ತದೆ. ಆದರೆ ಮೆರವಣಿಗೆಯ ಅಚ್ಚುಕಟ್ಟು ಹೊಸದಾದುದರಿಂದ ವಿಧಿಯ ಒಳತಿರುಳೂ ಹೊಸದೆನ್ನಲಾಗದು. 1953ರ ಪಟ್ಟಾಭಿಷೇಕದಲ್ಲಿ ಟೆಲಿವಿಷನ್ ಕ್ಯಾಮೆರಾ ಇಗರ್ಜಿಯೊಳಗೆ ಪ್ರವೇಶಿಸಿದರೂ ತೈಲಾಭಿಷೇಕದ ಕ್ಷಣವನ್ನು ತೋರಿಸಲಿಲ್ಲ. 2023ರ ಪಟ್ಟಾಭಿಷೇಕದಲ್ಲಿಯೂ ಅದಕ್ಕೆ ತೆರೆಯನ್ನು ಹಿಡಿದರು. ಪ್ರದರ್ಶನವೇ ಸರ್ವಸ್ವವಾಗಿದ್ದರೆ ಪ್ರಧಾನವಾದ ಅಂಗವನ್ನು ಮರೆಮಾಡುವುದೇಕೆ?

ಉತ್ತರದ ರಾಜ್ಯಗಳ ಅನುಭವವನ್ನು ಈ ಚರ್ಚೆ ಇನ್ನಷ್ಟು ಗಮನಿಸಬೇಕೆಂದು ನನ್ನ ಎಣಿಕೆ. ಸ್ವೀಡನ್ನಿನಲ್ಲಿ 1873ರ ಅನಂತರ ಯಾವ ಅರಸನೂ ಕಿರೀಟಧಾರಣೆ ಮಾಡಿಸಿಕೊಂಡಿಲ್ಲ. ನಾರ್ವೆಯಲ್ಲಿ 1906ರಲ್ಲಿ ಏಳನೆಯ ಹೋಕನನಿಗೆ ಪಟ್ಟಾಭಿಷೇಕವಾದ ಎರಡೇ ವರ್ಷಗಳಲ್ಲಿ ಸಂವಿಧಾನದಿಂದ ಆ ವಿಧಿಯನ್ನೇ ತೆಗೆದುಹಾಕಲಾಯಿತು. ಹೀಗಿದ್ದರೂ 1958ರಲ್ಲಿ ಐದನೆಯ ಓಲಾವನು, ಯಾವ ಶಾಸನವೂ ವಿಧಿಸದಿದ್ದರೂ ಟ್ರಾಂಡ್‌ಹೈಮಿನ ಮಹಾದೇವಾಲಯಕ್ಕೆ ತೆರಳಿ, ಕಿರೀಟವನ್ನು ತಲೆಗಿಡದೆಯೇ ಬಿಷಪ್ಪನ ಆಶೀರ್ವಾದವನ್ನು ಬೇಡಿದನು. 1991ರಲ್ಲಿ ಅವನ ಮಗ ಹೆರಾಲ್ಡನೂ ರಾಣಿ ಸೋನ್ಯಳೂ ಅದನ್ನೇ ಅನುಸರಿಸಿದರು.