ಕಾಕಾನ ಜನತಾ ವಾಚು

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ನನ್ನನ್ನು ಆಗಾಗ ಕೇಳ್ತಾರೆ: "ಎರಡು ಮೂರು ಸಾವಿರದಾಗ ಒಂದು ಛಲೋ ವಾಚ್ ಹೇಳ್ರಿ. ಆಫೀಸಿಗೂ ಆಗಬೇಕು, ಮದುವಿಗೂ ಆಗಬೇಕು." ಉತ್ತರ ಹೇಳೋ ಮುಂಚೆ ನನಗೆ ತೇರದಾಳದ ನಮ್ಮ ಕಾಕಾ ನೆನಪಾಗ್ತಾರೆ. ಅವರ ಹತ್ರ ಇದ್ದದ್ದು ಒಂದೇ ವಾಚು, ಎಚ್‌ಎಂಟಿ ಜನತಾ. ಮಗ್ಗದ ಪಾಳಿಗೂ ಅದೇ, ಅಲ್ಲಮಪ್ರಭುವಿನ ಜಾತ್ರೆಗೂ ಅದೇ, ಬೀಗರ ಮನೆಗೂ ಅದೇ.

2001ರಲ್ಲಿ ನನಗೆ ಬೆಂಗಳೂರಿನಿಂದ ಮೊದಲ ಇಂಟರ್‌ವ್ಯೂ ಪತ್ರ ಬಂತು. ಸಂಜೆ ಬಸ್ಸಿಗೆ ಹೊರಟಾಗ ಕಾಕಾ ತಮ್ಮ ವಾಚು ಬಿಚ್ಚಿ ನನ್ನ ಕೈಗೆ ಕಟ್ಟಿದರು. "ಬರಿಗೈಲೆ ಹೋಗಬ್ಯಾಡ ತಮ್ಮಾ." ಆ ವಾಚಿನ ಕಥೆ ನನಗಾಗ ಗೊತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕೈಗಡಿಯಾರ ಅಂದರೆ ಹೆಚ್ಚಾಗಿ ಸ್ವಿಸ್ ಮಾಲು. ವಿದೇಶಿ ವಿನಿಮಯಕ್ಕೆ ಬರ ಇದ್ದ ಕಾಲ, ಸಾಮಾನ್ಯರಿಗೆ ಅದು ದೂರದ ಮಾತು. ಯಂತ್ರ ತಯಾರಿಸಲೆಂದು 1953ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿದ್ದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ವಾಚಿಗೂ ಕೈಹಾಕಿತು. ಮೊದಲ ಕಂತನ್ನು ಪ್ರಧಾನಿ ನೆಹರೂ ಅವರೇ ಬಿಡುಗಡೆ ಮಾಡಿದರು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು.

ಹೆಸರುಗಳನ್ನೇ ನೋಡಿ: ಜನತಾ, ಜವಾನ್, ಪೈಲಟ್, ಸೋನಾ, ಕಾಂಚನ್. "ಸಂದರ್ಭಕ್ಕೊಂದು ವಾಚು" ಅನ್ನೋದು ಇವತ್ತಿನ ಫ್ಯಾಷನ್ ಅಲ್ಲ. ಕಪ್ಪು ಡಯಲ್ಲಿನ ಪೈಲಟ್ ಗಟ್ಟಿ ಬಳಕೆಯ ಗತ್ತಿಗೆ, ತೆಳ್ಳಗಿನ ಸೋನಾ ನಾಜೂಕಿನ ಉಡುಪಿಗೆ. ಬಂಗಾರದ ಬಣ್ಣದ ಕಾಂಚನ್ ಅಂತೂ ವರದಕ್ಷಿಣೆಯ ಪಟ್ಟಿಗೇ ಸೇರಿಬಿಟ್ಟಿತ್ತು. ಆದರೆ ನಮ್ಮಂಥ ನೇಕಾರರ ಮನೆಗಳಲ್ಲಿ ಕೊಳ್ಳೋಕೆ ಆಗ್ತಿದ್ದದ್ದು ಒಂದೇ ವಾಚು. ಅದು ಎಲ್ಲದಕ್ಕೂ ಸಲ್ಲಬೇಕಿತ್ತು. ಬಿಳಿ ಡಯಲ್ಲು, ಸಣ್ಣ ಮೈ, ಚರ್ಮದ ಪಟ್ಟಾ ಇದ್ದ ಜನತಾ ಎಲ್ಲಿಯೂ ಎದ್ದು ಕಾಣುತ್ತಿರಲಿಲ್ಲ, ಎಲ್ಲಿಯೂ ಕಡಿಮೆ ಅನಿಸುತ್ತಿರಲಿಲ್ಲ.

ಮರುದಿನ ಮುಂಜಾನೆ ಹತ್ತಕ್ಕೆ ಇಂಟರ್‌ವ್ಯೂ. ಹೋಟೆಲಿನಲ್ಲಿ ಚಹಾ ಕುಡೀತಾ ನೋಡಿದೆ, ಒಂಬತ್ತು ಹತ್ತು. ಆರಾಮಾಗಿ ಫೈಲು ತಿರುವಿ ಮತ್ತೆ ನೋಡಿದೆ. ಆಗಲೂ ಒಂಬತ್ತು ಹತ್ತೇ! ವಾಚು ನಿಂತುಬಿಟ್ಟಿತ್ತು. ಓಡೋಡಿ ಹೋಗಿ ಮುಟ್ಟಿದಾಗ ಇಪ್ಪತ್ತೈದು ನಿಮಿಷ ತಡ. ಆ ಕೆಲಸ ಸಿಗಲಿಲ್ಲ.

ತಪ್ಪು ವಾಚಿಂದಲ್ಲ. ಅದು ದಿನಾ ಚಾವಿ ಕೊಡಬೇಕಾದ ವಾಚು. ಹೊಸತಿದ್ದಾಗ ಒಮ್ಮೆ ಪೂರ್ತಿ ಸುತ್ತಿದರೆ ಒಂದೂವರೆ ದಿನ ನಡೀತಿತ್ತು, ಈಗ ಹಳೇ ಸ್ಪ್ರಿಂಗು. ಕಾಕಾ ಹಿಂದಿನ ದಿನ ಮುಂಜಾನೆ ಚಾವಿ ಕೊಟ್ಟಿದ್ದರು. ನಾನೋ, ಬ್ಯಾಟರಿ ಗಡಿಯಾರ ನೋಡ್ತಾ ಬೆಳೆದವ.

ಆ ಬ್ಯಾಟರಿಯ ಕಥೆಯೂ ನಮ್ಮ ಪಕ್ಕದಲ್ಲೇ ನಡೆಯಿತು. 1969ರ ಡಿಸೆಂಬರ್ 25ರಂದು ಜಪಾನಿನ ಸೀಕೊ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕಿಟ್ಟಿತು. ಇವತ್ತಿನ ಸಾಮಾನ್ಯ ಕ್ವಾರ್ಟ್ಜ್ ವಾಚಿನೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಎಣಿಕೆಯೇ ಸಮಯ, ಚಾವಿಯ ಹಂಗಿಲ್ಲ. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ಸೇರಿ ಕಟ್ಟಿದ ಟೈಟಾನ್, ಗಡಿಯಾಚೆಯ ಹೊಸೂರಿನಿಂದ ಕ್ವಾರ್ಟ್ಜನ್ನೇ ನಂಬಿ ಹೊರಟಿತು. ತೊಂಬತ್ತರ ದಶಕದ ಕೊನೆಗೆ ಅಗ್ಗದ ಸೊನಾಟಾ ಬಂತು. ಎಚ್‌ಎಂಟಿಯೂ ಕ್ವಾರ್ಟ್ಜ್ ಮಾಡಿತು, ಆದರೆ ಓಟದಲ್ಲಿ ಹಿಂದೆ ಬಿತ್ತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ಈಗ ಜಾಲಹಳ್ಳಿಯಲ್ಲಿ ಮ್ಯೂಸಿಯಂ ಇದೆ, ಒಂದು ಭಾನುವಾರ ಹೋಗಿಬನ್ನಿ.

ಹಾಗಾಗಿ ಹುಡುಗರಿಗೆ ನಾನು ಹೇಳೋದು ಇಷ್ಟು. ಒಂದೇ ಕೊಳ್ಳೋದಾದರೆ ಜನತಾದ ಬುದ್ಧಿ ಇರಲಿ: ಬಿಳಿ ಅಥವಾ ಕಪ್ಪು ಸಾದಾ ಡಯಲ್ಲು, 36ರಿಂದ 40 ಮಿಲಿಮೀಟರ್ ಅಗಲ, ಕ್ವಾರ್ಟ್ಜ್. ಆಫೀಸಿಗೆ ಚರ್ಮದ ಪಟ್ಟಾ ಹಾಕಿ, ಮದುವೆಗೆ ಚೈನು ಬದಲಿಸಿ. ಒಂದೇ ವಾಚು ಎರಡಾಗ್ತದೆ. ಮಳೆ, ಜಿಮ್ಮು, ಊರಿನ ಹೊಲಕ್ಕೆ ಕ್ಯಾಸಿಯೊದಂಥ ಡಿಜಿಟಲ್ ಬೇರೆ ಇರಲಿ. ಹಿಂದೆ 30 ಮೀಟರ್ ಅಂತ ಬರೆದಿದ್ದರೆ ಅದು ಕೈ ತೊಳೆಯುವಾಗ ಸಿಡಿಯುವ ನೀರಿಗಷ್ಟೇ. ಈಜೋದಿದ್ದರೆ 100 ಮೀಟರಿನದು ನೋಡಿ. ಆನ್‌ಲೈನಿನಲ್ಲಿ ಕಾಣುವ ಬಣ್ಣಬಣ್ಣದ "ಹಳೇ ಎಚ್‌ಎಂಟಿ"ಗಳಲ್ಲಿ ಎಷ್ಟೋ ಡಯಲ್ಲುಗಳು ಆಮೇಲೆ ಬಣ್ಣ ಬಳಿದವು, ಹುಷಾರು. ಮತ್ತೆ, ಹಳೇ ವಾಚು ಕಟ್ಟಿಕೊಂಡು ಇಂಟರ್‌ವ್ಯೂಗೆ ಹೋಗೋದಾದರೆ ಮುಂಜಾನೆ ಎದ್ದ ಕೂಡಲೇ ಚಾವಿ ಕೊಡಿ.

ಅವತ್ತು ಊರಿಗೆ ವಾಪಸ್ ಹೋದಾಗ ಕಾಕಾ ಕೇಳಿದರು, "ವಾಚು ಛಲೋ ನಡೀತ?"

"ಹೂಂರಿ ಕಾಕಾ, ಛಲೋ ನಡೀತು," ಅಂದು ಬಿಚ್ಚಿ ಕೊಟ್ಟೆ. ಮುಳ್ಳುಗಳು ಇನ್ನೂ ಒಂಬತ್ತು ಹತ್ತರಲ್ಲೇ ಇದ್ದವು. ಕಾಕಾ ಒಮ್ಮೆ ವಾಚು ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಸುಮ್ಮನೆ ಚಾವಿ ತಿರುಗಿಸುತ್ತಾ ಹೇಳಿದರು: "ಚಾವಿ ಕೊಡೂದು ನಿನಗ ಹೇಳಲೇ ಇಲ್ಲ ನೋಡು. ತಪ್ಪು ನಂದು."