ಬಿಲಿಯನ್

ಬಿಲಿಯನ್ ಎಂದರೆ ಇಂದಿನ ಇಂಗ್ಲಿಷಿನಲ್ಲಿ ನೂರು ಕೋಟಿ. 1ರ ಮುಂದೆ ಒಂಬತ್ತು ಸೊನ್ನೆ. ಹುಟ್ಟಿದಾಗ ಈ ಪದದ ಬೆಲೆ ಅದರ ಸಾವಿರ ಪಟ್ಟು, ಅಂದರೆ ಒಂದು ಲಕ್ಷ ಕೋಟಿ. ಸಂಖ್ಯಾವಾಚಕವೊಂದರ ಅರ್ಥ ಹೀಗೆ ಕುಗ್ಗುವುದು ಅಪರೂಪ.

ಪದದ ಮೂಲ ಫ್ರಾನ್ಸ್. ಲಿಯಾನ್‌ನಲ್ಲಿದ್ದ ಗಣಿತಜ್ಞ ನಿಕೊಲಾ ಶುಕೆ 1484ರ ತನ್ನ ಹಸ್ತಪ್ರತಿಯಲ್ಲಿ ದೊಡ್ಡ ಅಂಕಿಯನ್ನು ಆರಾರು ಸ್ಥಾನಗಳ ಗುಂಪುಗಳಾಗಿ ಒಡೆದು, ಪ್ರತಿ ಗುಂಪಿಗೂ ಹೆಸರಿಟ್ಟ. ಮಿಲಿಯನ್‌ನ ವರ್ಗ ಬಿಲಿಯನ್, ಘನ ಟ್ರಿಲಿಯನ್. ಹೆಸರಿನಲ್ಲಿರುವ ಎರಡು, ಮೂರು ಎಂಬ ಸೂಚನೆ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತಿತ್ತು. ತರ್ಕದ ದೃಷ್ಟಿಯಿಂದ ಇದೇ ಹೆಚ್ಚು ಸುಂದರವಾದ ಪದ್ಧತಿ. ಹದಿನೇಳನೆಯ ಶತಮಾನದಲ್ಲಿ ಕೆಲವು ಫ್ರೆಂಚ್ ಲೆಕ್ಕಿಗರು ಮೂರು ಮೂರು ಸ್ಥಾನಗಳ ಗುಂಪಿಗೆ ಹೊರಳಿದರು. ಬಿಲಿಯನ್ ಸಾವಿರ ಮಿಲಿಯನ್‌ಗೆ ಇಳಿಯಿತು. ಅಮೆರಿಕ ಈ ಹೊಸ ಅರ್ಥವನ್ನು ಹಿಡಿಯಿತು, ಬ್ರಿಟನ್ ಹಳೆಯದನ್ನೇ ಉಳಿಸಿಕೊಂಡಿತು. ಹಾಗಾಗಿ ಒಂದೇ ಭಾಷೆಯ ಎರಡು ದೇಶಗಳಲ್ಲಿ ಒಂದೇ ಪದಕ್ಕೆ ಎರಡು ಬೆಲೆ ಬಂತು. ಗೊಂದಲ ಬೇಡವೆಂದವರು ಬ್ರಿಟನ್ನಿನಲ್ಲಿ ‘ಸಾವಿರ ಮಿಲಿಯನ್’ ಎಂದೇ ಬರೆಯುತ್ತಿದ್ದರು. 1974ರ ಡಿಸೆಂಬರಿನಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್, ತಮ್ಮ ಸಚಿವರು ಈ ಪದವನ್ನು ಸಾವಿರ ಮಿಲಿಯನ್ ಎಂಬ ಅರ್ಥದಲ್ಲೇ ಬಳಸುವರೆಂದು ಸಂಸತ್ತಿಗೆ ತಿಳಿಸಿದ ಮೇಲೆ ಅಧಿಕೃತ ಬಳಕೆ ಒಂದಾಯಿತು.

ಯುರೋಪಿನ ಇತರ ಹಲವು ಭಾಷೆಗಳು ಈ ದಾರಿಗೆ ಬರಲಿಲ್ಲ. ಫ್ರಾನ್ಸ್ 1961ರಲ್ಲಿ ಹಳೆಯ ಅರ್ಥವನ್ನೇ ಅಧಿಕೃತಗೊಳಿಸಿತು. ಜರ್ಮನ್ನಿನಲ್ಲಿ ನೂರು ಕೋಟಿಗೆ ‘ಮಿಲಿಯಾರ್ಡೆ’ ಎಂಬ ಬೇರೆ ಪದವಿದೆ. ಅಲ್ಲಿ ಬಿಲಿಯನ್ ಇಂದಿಗೂ ಲಕ್ಷ ಕೋಟಿ.

ಇಂಗ್ಲಿಷ್ ವಾಕ್ಯದಲ್ಲಿ ಅಂಕಿಯ ನಂತರ ಬಂದಾಗ ಬಿಲಿಯನ್‌ಗೆ ಬಹುವಚನ ಪ್ರತ್ಯಯ ಹತ್ತುವುದಿಲ್ಲ. ‘ಬಿಲಿಯನ್ಸ್’ ಎಂಬ ರೂಪ ಲೆಕ್ಕವಿಲ್ಲದ ಬಾಹುಳ್ಯವನ್ನು ಹೇಳುವಾಗ ಬರುತ್ತದೆ. ಪತ್ರಿಕೆಗಳಲ್ಲಿ ಬಿಲಿಯನ್ ಹೆಚ್ಚಾಗಿ ಜನಸಂಖ್ಯೆ, ಆಯವ್ಯಯ, ಕಂಪನಿಗಳ ಮೌಲ್ಯದ ಸುದ್ದಿಗಳ ಪದ. ‘ಬಿಲಿಯನೇರ್’ ಎಂದರೆ ನೂರು ಕೋಟಿ ಡಾಲರ್ ಅಥವಾ ಪೌಂಡಿನಂಥ ನಾಣ್ಯದ ಒಡೆಯ. ಅದನ್ನು ಬರಿದೇ ‘ಕೋಟ್ಯಧಿಪತಿ’ ಎಂದರೆ ಸಂಪತ್ತು ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ.

ಕನ್ನಡದ ಲೆಕ್ಕ ಲಕ್ಷ, ಕೋಟಿಗಳಲ್ಲಿ ನಡೆಯುವುದರಿಂದ ಅಲ್ಪವಿರಾಮದ ಜಾಗವೂ ಬೇರೆ: ಬಿಲಿಯನ್ ಇಂಗ್ಲಿಷಿನಲ್ಲಿ 1,000,000,000, ಇಲ್ಲಿ 1,00,00,00,000. 2001ರ ಜನಗಣತಿಯಲ್ಲಿ ಭಾರತದ ಜನಸಂಖ್ಯೆ ಸುಮಾರು 103 ಕೋಟಿ, ಅಂದರೆ ಒಂದು ಬಿಲಿಯನ್‌ಗಿಂತ ತುಸು ಹೆಚ್ಚು. 1974ಕ್ಕಿಂತ ಹಿಂದಿನ ಬ್ರಿಟಿಷ್ ಪುಸ್ತಕಗಳನ್ನು ಅನುವಾದಿಸುವವರು ಸೊನ್ನೆಗಳನ್ನು ಎಣಿಸಿ ಅಥವಾ ಸಂದರ್ಭ ನೋಡಿ, ನೂರು ಕೋಟಿಯೋ ಲಕ್ಷ ಕೋಟಿಯೋ ಎಂದು ತೀರ್ಮಾನಿಸಬೇಕಾಗುತ್ತದೆ.